ಜನಸಂದಣಿಯ ತಿಂಗಳುಗಳಲ್ಲಿ ಜಿಮ್‌ನ ಸ್ವಚ್ಛತೆ ಮತ್ತು ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್ ನಡೆಸುವವರು, ತರಬೇತುದಾರರು ಮತ್ತು ಸದಸ್ಯರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಅವರ ಮಾತಿನಲ್ಲೇ ಕೊಟ್ಟು ಉತ್ತರಿಸಲಾಗಿದೆ. ಕರ್ನಾಟಕದ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ, ಕಟ್ಟಡದ ಒಂದು ಮಹಡಿಯಲ್ಲಿ ನಡೆಯುವ, ಒಬ್ಬರೋ ಇಬ್ಬರೋ ಸ್ವಚ್ಛತಾ ಕೆಲಸದವರಿರುವ ಬಡಾವಣೆಯ ಜಿಮ್‌ಗಳನ್ನು ಗಮನದಲ್ಲಿಟ್ಟುಕೊಂಡು ಬರೆದ ಉತ್ತರಗಳಿವು.

## ಆರಂಭದ ಪ್ರಶ್ನೆಗಳು

ಜನವರಿಯಲ್ಲಿ ರಶ್ ಇರುತ್ತೆ, ಸರಿ. ಬೇರೆ ಯಾವ ತಿಂಗಳಿಗೆ ತಯಾರಿ ಮಾಡಿಕೊಳ್ಳಬೇಕು?

ಹೊಸ ವರ್ಷದ ಸಂಕಲ್ಪದೊಂದಿಗೆ ಬರುವವರಿಂದ ಜನವರಿ ಮತ್ತು ಫೆಬ್ರುವರಿ ತುಂಬುತ್ತವೆ. ಆದರೆ ನಿರ್ವಹಣೆಯ ದೃಷ್ಟಿಯಿಂದ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳೇ ಹೆಚ್ಚು ಕಠಿಣವೆಂದು ನನ್ನ ಅಭಿಪ್ರಾಯ. ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ರಜೆಯ ಅವಧಿಗೆಂದು ಗುಂಪಾಗಿ ಸೇರುತ್ತಾರೆ, ಸೆಕೆಗೆ ಬೆವರು ಇಮ್ಮಡಿಯಾಗುತ್ತದೆ, ಅದೇ ಹೊತ್ತಿಗೆ ನೀರಿನ ಅಭಾವವೂ ಕಾಡುತ್ತದೆ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ ಹತ್ತಿರವಾದರೆ ತಾಲ್ಲೂಕು ಕೇಂದ್ರಗಳ ಜಿಮ್‌ಗಳಲ್ಲಿ ಟ್ರೆಡ್‌ಮಿಲ್‌ಗಳಿಗೆ ಬಿಡುವಿರುವುದಿಲ್ಲ. ಮೈಸೂರಿನಲ್ಲಿ ದಸರೆಯ ಕುಸ್ತಿ ಮತ್ತು ದೇಹದಾರ್ಢ್ಯ ಸ್ಪರ್ಧೆಗಳಿಗೆ ಮುಂಚಿನ ವಾರಗಳು ಹೀಗೆಯೇ ಇರುತ್ತವೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಹಿಂದಿನ ವರ್ಷದ ಸಂಜೆ 6ರಿಂದ 8ರವರೆಗಿನ ಸಂಖ್ಯೆಯನ್ನು ತಿಂಗಳುವಾರು ಬರೆದು ನೋಡಿದರೆ ನಿಮ್ಮ ಜಿಮ್‌ನ ಸಂದಣಿ ಯಾವಾಗ ಎಂಬುದು ತಿಳಿಯುತ್ತದೆ. ದೊಡ್ಡ ದುರಸ್ತಿಗಳೆಲ್ಲ ಅದರ ಹಿಂದಿನ ತಿಂಗಳಲ್ಲೇ ಮುಗಿಯಬೇಕು.

ದಿನಕ್ಕೆ ಎಷ್ಟು ಸಲ ಕ್ಲೀನ್ ಮಾಡಿಸಬೇಕು? ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಸಾಕಲ್ಲವೇ?

ಬಿಡುವಿನ ತಿಂಗಳುಗಳಲ್ಲಿ ಸಾಕು, ಸಂದಣಿಯ ತಿಂಗಳುಗಳಲ್ಲಿ ಸಾಲದು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದ ಜಿಮ್‌ನಲ್ಲಿ ಎಂಟು ಗಂಟೆಯ ಹೊತ್ತಿಗೆ ಒಂದೇ ಬೆಂಚಿನ ಮೇಲೆ ಹತ್ತಾರು ಜನರು ಮಲಗಿ ಎದ್ದಿರುತ್ತಾರೆ. ರಾತ್ರಿಯ ಸ್ವಚ್ಛತೆ ಎಷ್ಟೇ ಚೆನ್ನಾಗಿದ್ದರೂ ಸಂಜೆ ಏಳಕ್ಕೆ ಬಂದವರಿಗೆ ಅದರ ಪ್ರಯೋಜನ ದೊರೆಯುವುದಿಲ್ಲ. ಆದ್ದರಿಂದ ಕೆಲಸವನ್ನು ಬ್ಯಾಚುಗಳ ನಡುವಿನ ಬಿಡುವಿಗೆ ಹಂಚಬೇಕು. ಬೆಳಗಿನ ಮೊದಲ ಗುಂಪು ಹೊರಟಾಗ ಕೈ ತಾಗುವ ಜಾಗಗಳನ್ನು, ಅಂದರೆ ಡಂಬೆಲ್ ಹಿಡಿಕೆ, ಬೆಂಚ್, ತೂಕ ಎಳೆಯುವ ಕೇಬಲ್ಲಿನ ಹಿಡಿಕೆ, ಟ್ರೆಡ್‌ಮಿಲ್ ಗುಂಡಿ, ಬಾಗಿಲ ಹಿಡಿ ಮತ್ತು ನೀರಿನ ನಲ್ಲಿಯನ್ನು ಹದಿನೈದು ನಿಮಿಷದಲ್ಲಿ ಒಮ್ಮೆ ಒರೆಸಿ ಮುಗಿಸಬಹುದು. ಹನ್ನೊಂದರಿಂದ ನಾಲ್ಕರವರೆಗೆ ಸಿಗುವ ಬಿಡುವಿನಲ್ಲಿ ನೆಲ, ಕನ್ನಡಿ, ಶೌಚಾಲಯ ಮತ್ತು ಯಂತ್ರಗಳ ಅಡಿಭಾಗದ ಕೆಲಸ ಆಗಬೇಕು. ಸಂಜೆ ಏಳರ ಸುಮಾರಿಗೆ ಮತ್ತೊಮ್ಮೆ ಕೈ ತಾಗುವ ಜಾಗಗಳು. ರಾತ್ರಿ ಕಸ, ಬಟ್ಟೆ ಒಗೆತ ಮತ್ತು ಮ್ಯಾಟ್ ಒಣಗಿಸುವುದು.

ಸ್ಪ್ರೇ ಹೊಡೆದ ತಕ್ಷಣ ಒರೆಸುತ್ತೇವೆ. ಅದರಿಂದ ಕ್ರಿಮಿ ಸಾಯುತ್ತದೆಯೇ?

ಬಹುಮಟ್ಟಿಗೆ ಸಾಯುವುದಿಲ್ಲ. ಕೊಳೆ ತೆಗೆಯುವುದು ಮತ್ತು ಸೋಂಕು ನಿವಾರಿಸುವುದು ಎರಡು ಬೇರೆ ಕೆಲಸಗಳು, ಕೊಳೆ ತೆಗೆಯುವುದು ಮೊದಲು. ಬೆವರಿನ ಜಿಡ್ಡು ಹಾಗೆಯೇ ಉಳಿದ ಮೇಲ್ಮೈಯಲ್ಲಿ ಸೋಂಕುನಿವಾರಕದ ಶಕ್ತಿ ಕುಂದುತ್ತದೆ. ಜಿಡ್ಡು ಹೋದ ನಂತರ ಹಾಕಿದ ದ್ರಾವಣವು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈಯನ್ನು ಒದ್ದೆಯಾಗಿ ಇಟ್ಟಿರಬೇಕು. ದ್ರಾವಣವನ್ನು ಅವಲಂಬಿಸಿ ಇದು ಒಂದರಿಂದ ಹತ್ತು ನಿಮಿಷ ಇರುತ್ತದೆ, ಮತ್ತು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಕೊಳ್ಳುವ ಮುನ್ನವೇ ಅದನ್ನು ಓದಿ, ಕಡಿಮೆ ಸಮಯ ಬೇಡುವ ದ್ರಾವಣವನ್ನು ಆರಿಸಿಕೊಳ್ಳಿ. ಹತ್ತು ನಿಮಿಷ ಕಾಯಲು ಸಂಜೆ ಏಳರ ಜಿಮ್‌ನಲ್ಲಿ ಯಾವ ಬೆಂಚೂ ಖಾಲಿ ಇರುವುದಿಲ್ಲ. ಸದಸ್ಯರು ವ್ಯಾಯಾಮದ ನಡುವೆ ಒರೆಸುವುದು ಮುಖ್ಯವಾಗಿ ಬೆವರು ತೆಗೆಯಲು. ಪೂರ್ಣ ಸೋಂಕು ನಿವಾರಣೆಯನ್ನು ಮಧ್ಯಾಹ್ನದ ಮತ್ತು ರಾತ್ರಿಯ ಬಿಡುವಿನಲ್ಲಿ ಸಿಬ್ಬಂದಿ ಮಾಡಬೇಕು.

ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರೂ ವಾಸನೆ ಹೋಗುತ್ತಿಲ್ಲ. ಏನು ಮಾಡಬೇಕು?

ರಬ್ಬರ್ ನೆಲಕ್ಕೆ ಫಿನಾಯಿಲ್ ಹಾಕುವುದನ್ನು ಮೊದಲು ನಿಲ್ಲಿಸಬೇಕು. ಅದರಲ್ಲಿರುವ ಎಣ್ಣೆಯ ಅಂಶ ರಬ್ಬರಿನ ರಂಧ್ರಗಳಲ್ಲಿ ಉಳಿದು ಧೂಳನ್ನು ಹಿಡಿದಿಡುತ್ತದೆ, ಕಾಲಕ್ರಮೇಣ ರಬ್ಬರನ್ನೂ ಮೆತ್ತಗಾಗಿಸುತ್ತದೆ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ತಟಸ್ಥ ಪಿಎಚ್‌ನ ನೆಲದ ಸೋಪನ್ನು ಬಳಸಿ. ಒರೆಸುವ ಮುನ್ನ ಧೂಳನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಪೊರಕೆಯಿಂದ ಗುಡಿಸಿದರೆ, ಹಿಡಿತ ಜಾರದಿರಲೆಂದು ಕೈಗೆ ಹಚ್ಚಿಕೊಳ್ಳುವ ಮೆಗ್ನೀಸಿಯಂ ಪುಡಿಯೂ ನೂಲಿನ ಧೂಳೂ ಎದ್ದು ಯಂತ್ರಗಳ ಒಳಗೆ ಸೇರುತ್ತವೆ. ಮಾಪನ್ನು ಚೆನ್ನಾಗಿ ಹಿಂಡಿರಬೇಕು. ಬಕೆಟ್ ನೀರು ಸುರಿದು ತೊಳೆಯುವ ಅಭ್ಯಾಸವಿರುವ ಕಡೆ ಟೈಲುಗಳ ಸಂದಿನಿಂದ ಇಳಿದ ನೀರು ಕೆಳಗೆ ನಿಂತು ಕೊಳೆಯುತ್ತದೆ, ನಿಮ್ಮ ಜಿಮ್‌ನ ವಾಸನೆ ಬಹುಶಃ ಅಲ್ಲಿಂದಲೇ ಬರುತ್ತಿದೆ. ಮೂಲೆಯ ಒಂದು ಟೈಲನ್ನು ಎತ್ತಿ ನೋಡಿ: ಅಡಿಭಾಗ ಕಪ್ಪಾಗಿ ಅಂಟಂಟಾಗಿದ್ದರೆ ಆ ಸಾಲಿನ ಟೈಲುಗಳನ್ನು ತೆಗೆದು, ಎರಡೂ ಬದಿ ತೊಳೆದು, ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ಹಾಸಬೇಕು.

ಜಿಮ್‌ಗೆ ಸೇರಿದ ಮೇಲೆ ತೊಡೆಸಂದಿನಲ್ಲಿ ಹುಳುಕಡ್ಡಿ ಆಗಿದೆ. ಜಿಮ್‌ನಿಂದಲೇ ಬಂದಿರಬಹುದೇ?

ಬಂದಿರಬಹುದು, ಆದರೆ ಖಚಿತವಾಗಿ ಹೇಳಲಾಗದು. ಹುಳುಕಡ್ಡಿ ಅಥವಾ ಗಜಕರ್ಣ ಎನ್ನುವುದು ಶಿಲೀಂಧ್ರದ ಸೋಂಕು. ಬೆವರಿನ ಒದ್ದೆ ಬಟ್ಟೆಯಲ್ಲಿ ಬಹಳ ಹೊತ್ತು ಇರುವುದು, ಇನ್ನೊಬ್ಬರ ಟವೆಲ್ ಬಳಸುವುದು, ಒಣಗದ ಮ್ಯಾಟ್ ಮೇಲೆ ಮಲಗುವುದು ಇದಕ್ಕೆ ಸಾಮಾನ್ಯ ದಾರಿಗಳು. ಈ ಶಿಲೀಂಧ್ರದ ಬೀಜಕಗಳು ಒಣ ಮೇಲ್ಮೈಯಲ್ಲೂ ತಿಂಗಳುಗಟ್ಟಲೆ ಬದುಕಬಲ್ಲವು. ವ್ಯಾಯಾಮ ಮುಗಿದೊಡನೆ ಬಟ್ಟೆ ಬದಲಿಸಿ, ಬೆಂಚಿನ ಮೇಲೆ ಸ್ವಂತ ಟವೆಲ್ ಹಾಸಿಕೊಳ್ಳಿ, ಸ್ನಾನದ ಮನೆಯಲ್ಲಿ ಚಪ್ಪಲಿ ಧರಿಸಿ. ಔಷಧದ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳು ತುರಿಕೆಯನ್ನು ಒಂದೆರಡು ದಿನ ಅಡಗಿಸಿ, ನಂತರ ಸೋಂಕನ್ನು ಹೆಚ್ಚು ಹರಡಿಸುತ್ತವೆ ಮತ್ತು ಚಿಕಿತ್ಸೆಯನ್ನು ಕಷ್ಟವಾಗಿಸುತ್ತವೆ. ದಯವಿಟ್ಟು ಚರ್ಮವೈದ್ಯರನ್ನೇ ಕಾಣಿರಿ. ಜಿಮ್‌ನವರು ಇಂಥ ಮಾತು ಕಿವಿಗೆ ಬಿದ್ದಾಗ ಸದಸ್ಯರ ಹೆಸರು ಹೊರಗೆ ಬಾರದಂತೆ ನೋಡಿಕೊಂಡು, ಮ್ಯಾಟ್‌ಗಳನ್ನು ಸುರುಳಿ ಸುತ್ತಿ ಇಡುವ ಬದಲು ತೂಗುಹಾಕಿ ಒಣಗಿಸುವ ವ್ಯವಸ್ಥೆಯನ್ನು ಅಂದೇ ಮಾಡಬೇಕು.

## ಯಂತ್ರ, ಕಬ್ಬಿಣ, ರೆಕ್ಸಿನ್

ಟ್ರೆಡ್‌ಮಿಲ್ ಓಡುವಾಗ ಎಳೆದೆಳೆದು ಹಿಡಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೋಟಾರ್ ಹೋಯಿತೇ?

ಮೋಟಾರನ್ನು ಅನುಮಾನಿಸುವ ಮುನ್ನ ಬೆಲ್ಟನ್ನು ನೋಡಬೇಕು. ಬೆಲ್ಟ್ ಮತ್ತು ಅದರಡಿಯ ಹಲಗೆಯ ನಡುವೆ ಸಿಲಿಕೋನ್ ಎಣ್ಣೆಯ ತೆಳುವಾದ ಪದರವಿರುತ್ತದೆ. ಅದು ಒಣಗಿದಾಗ ಘರ್ಷಣೆ ಹೆಚ್ಚಿ, ಮೋಟಾರ್ ಹೆಚ್ಚು ವಿದ್ಯುತ್ ಎಳೆದು ಬಿಸಿಯಾಗುತ್ತದೆ, ಓಡುವವರ ಪ್ರತಿ ಹೆಜ್ಜೆಗೂ ಬೆಲ್ಟ್ ಕ್ಷಣಕಾಲ ತಡೆದಂತಾಗುತ್ತದೆ. ಪ್ಲಗ್ ಕಿತ್ತು, ಬೆಲ್ಟಿನ ಅಂಚನ್ನು ಎತ್ತಿ, ಜನ ಹೆಜ್ಜೆಯಿಡುವ ಜಾಗದ ಕೆಳಗೆ ಬೆರಳಾಡಿಸಿ. ಬೆರಳಿಗೆ ಸ್ವಲ್ಪ ನುಣುಪು ತಾಗಿದರೆ ಸರಿಯಿದೆ. ಒಣಗಿದ್ದು ಕಪ್ಪು ಪುಡಿ ಅಂಟಿದರೆ ಎಣ್ಣೆಯ ಕಾಲ ಮೀರಿದೆ. ಯಂತ್ರದ ಕೈಪಿಡಿ ಹೇಳಿದಷ್ಟೇ ಶುದ್ಧ ಸಿಲಿಕೋನ್ ಎಣ್ಣೆಯನ್ನು ಎರಡೂ ಬದಿಯಿಂದ ಹಾಕಿ, ಕಡಿಮೆ ವೇಗದಲ್ಲಿ ಕೆಲವು ನಿಮಿಷ ನಡೆಸಿ. ತುಕ್ಕು ಬಿಡಿಸುವ ಸ್ಪ್ರೇಯನ್ನಾಗಲಿ ಅಡುಗೆ ಎಣ್ಣೆಯನ್ನಾಗಲಿ ಎಂದೂ ಹಾಕಬಾರದು, ಅವು ಬೆಲ್ಟನ್ನೇ ಹಾಳುಮಾಡುತ್ತವೆ. ಮೂರು ತಿಂಗಳಿಗೊಮ್ಮೆ ಎಂದು ಕೈಪಿಡಿಯಲ್ಲಿದ್ದರೂ ಸಂದಣಿಯ ಕಾಲದಲ್ಲಿ ತಿಂಗಳಿಗೊಮ್ಮೆ ಬೆರಳಾಡಿಸಿ ನೋಡುವುದು ಒಳ್ಳೆಯದು. ಎಣ್ಣೆ ಹಾಕುವುದನ್ನು ಮಾತ್ರ ಅಗತ್ಯ ಕಂಡಾಗ ಮಾಡಿ.

ಎರಡನೆಯದು ಧೂಳು. ಮುಂಭಾಗದ ಮೋಟಾರ್ ಮುಚ್ಚಳವನ್ನು ಬಿಚ್ಚಿದರೆ ಸಾಕ್ಸಿನ ನೂಲು, ಕೂದಲು ಮತ್ತು ರಸ್ತೆಯ ಧೂಳು ಸೇರಿ ಬೂದು ಬಣ್ಣದ ದಪ್ಪ ಪದರವಾಗಿ ಮೋಟಾರನ್ನೂ ಸರ್ಕ್ಯೂಟ್ ಬೋರ್ಡನ್ನೂ ಹೊದ್ದಿರುವುದು ಕಾಣುತ್ತದೆ. ಶಾಖ ಹೊರಹೋಗಲು ದಾರಿಯಿಲ್ಲದೆ ಬೋರ್ಡ್ ಸುಡುವುದು ಇದರಿಂದಲೇ. ಪ್ಲಗ್ ತೆಗೆದ ನಂತರವೂ ಬೋರ್ಡಿನಲ್ಲಿ ವಿದ್ಯುತ್ ಉಳಿದಿರುತ್ತದೆಯಾದ್ದರಿಂದ ಕೆಲವು ನಿಮಿಷ ಕಾದು, ಮೆದುವಾದ ಒಣ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡ.

ಬೆಲ್ಟ್ ಒಂದು ಬದಿಗೆ ಸರಿಯುತ್ತಿದ್ದರೆ, ನಿಧಾನವಾಗಿ ಓಡಿಸುತ್ತಾ, ಸರಿದ ಬದಿಯ ಹಿಂದಿನ ಬೋಲ್ಟನ್ನು ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕೀ) ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ನಿಮಿಷ ಕಾದು ನೋಡಿ. ಒಂದೇ ಸಲಕ್ಕೆ ಬಿಗಿಯಾಗಿ ತಿರುಗಿಸಿದರೆ ಬೆಲ್ಟೂ ರೋಲರಿನ ಬೇರಿಂಗೂ ಹಾಳಾಗುತ್ತವೆ.

ಯಂತ್ರ ಮುಟ್ಟಿದರೆ ಜುಮ್ ಅನ್ನುತ್ತದೆ. ಒಣಹವೆಗೆ ಹಾಗಾಗುತ್ತದೆ ಅಂತಾರೆ, ನಿಜವೇ?

ಚಳಿಗಾಲದ ಒಣಹವೆಯಲ್ಲಿ ಒಮ್ಮೆ ಚಟ್ ಎಂದು ಹೊಡೆದು ನಿಂತರೆ ಅದು ಸ್ಥಿರ ವಿದ್ಯುತ್ತು, ಅಪಾಯವಿಲ್ಲ. ಕೈಯಿಟ್ಟಷ್ಟೂ ಹೊತ್ತು ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಬೆವರಿದ ಮೈಗೆ ಇದು ಪ್ರಾಣಾಪಾಯ. ಯಂತ್ರವನ್ನು ಆ ಕ್ಷಣವೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಪ್ಲಗ್ ಹಾಕಬೇಡಿ.

ಕೇಬಲ್ ಯಾವಾಗ ಬದಲಿಸಬೇಕು? ತುಂಡಾದ ಮೇಲೇ ಗೊತ್ತಾಗುವುದು.

ತುಂಡಾಗುವ ಮುನ್ನ ಕೇಬಲ್ ಸೂಚನೆ ಕೊಡುತ್ತದೆ, ನೋಡುವ ಜಾಗ ಗೊತ್ತಿರಬೇಕು. ಉಕ್ಕಿನ ತಂತಿಯ ಮೇಲಿನ ನೈಲಾನ್ ಹೊದಿಕೆ ಸಾಮಾನ್ಯವಾಗಿ ಕೇಬಲ್ಲಿನ ತುದಿಯಲ್ಲಿ, ಹಿಡಿಕೆ ಸೇರುವ ಲೋಹದ ಕೊಳವೆಯ ಬಳಿ ಮತ್ತು ರಾಟೆಯ ಮೇಲೆ ಬಾಗುವ ಭಾಗದಲ್ಲಿ ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ದಪ್ಪ ಕೈಗವಸು ತೊಟ್ಟು, ಹತ್ತಿ ಬಟ್ಟೆಯೊಂದನ್ನು ಕೇಬಲ್ಲಿನ ಉದ್ದಕ್ಕೂ ನಿಧಾನವಾಗಿ ಎಳೆಯಿರಿ. ಒಳಗಿನ ಎಳೆ ತುಂಡಾಗಿ ಹೊರಬಂದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಕಂಡರೂ, ಹೊದಿಕೆ ಒಡೆದು ತಂತಿ ಕಂಡರೂ ಯಂತ್ರ ನಿಲ್ಲಬೇಕು, ಟೇಪ್ ಸುತ್ತುವುದು ಪರಿಹಾರವಲ್ಲ. ತೂಕ ಆರಿಸುವ ಪಿನ್ ಕಳೆದುಹೋದಾಗ ಮೊಳೆಯನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ನಡೆಸುವುದನ್ನು ಹಲವು ಕಡೆ ಕಾಣಬಹುದು. ಅದು ನಡುವೆ ಜಾರಿದರೆ ತೂಕವೆಲ್ಲ ಒಮ್ಮೆಲೇ ಬೀಳುತ್ತದೆ. ಸರಿಯಾದ ಅಳತೆಯ ಪಿನ್‌ಗಳನ್ನು ಹೆಚ್ಚುವರಿಯಾಗಿ ಕೊಂಡು ಮೇಜಿನ ಡ್ರಾಯರಿನಲ್ಲಿಡಿ.

ನಮ್ಮದು ಮಂಗಳೂರು. ಮಳೆಗಾಲದಲ್ಲಿ ಬಾರ್, ಪ್ಲೇಟ್ ಎಲ್ಲಾ ತುಕ್ಕು. ಪೇಂಟ್ ಹೊಡೆಸಲೇ?

ತೂಕದ ಬಿಲ್ಲೆಗಳಾದ ಪ್ಲೇಟಿಗೆ ಬಣ್ಣ ಸರಿ, ಅವನ್ನು ಸಿಕ್ಕಿಸಿ ಎತ್ತುವ ಸರಳಾದ ಬಾರ್‌ಗೆ ಬೇಡ. ಬಾರ್‌ನ ಮೇಲೆ ಹಿಡಿತಕ್ಕೆಂದು ಕೊರೆದ ಗೆರೆಗಳು ಬಣ್ಣದಿಂದ ಮುಚ್ಚಿಹೋಗುತ್ತವೆ. ಕರಾವಳಿಯಲ್ಲಿ ಗಾಳಿಯ ತೇವ, ಉಪ್ಪು ಮತ್ತು ಬೆವರಿನ ಉಪ್ಪು ಮೂರೂ ಸೇರುತ್ತವೆ. ಆ ಗೆರೆಗಳಲ್ಲಿ ಕುಳಿತ ಮೆಗ್ನೀಸಿಯಂ ಪುಡಿ ತೇವವನ್ನು ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ರಾತ್ರಿ ಬಾರ್‌ಗಳನ್ನು ಒಣ ನೈಲಾನ್ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ಸವರಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಕೈ ಜಾರುವಷ್ಟು ಎಣ್ಣೆ ಉಳಿಯಬಾರದು. ಸಾಧ್ಯವಿದ್ದರೆ ರಾತ್ರಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ನಡೆಸಿ. ಸಾಪೇಕ್ಷ ಆರ್ದ್ರತೆ ಶೇಕಡಾ 60ಕ್ಕಿಂತ ಕೆಳಗಿದ್ದರೆ ಗೋಡೆಯ ಬೂಷ್ಟೂ ಕಡಿಮೆಯಾಗುತ್ತದೆ.

ಬೆಂಚಿನ ರೆಕ್ಸಿನ್ ಆರೇ ತಿಂಗಳಿಗೆ ಬಿರಿಯುತ್ತಿದೆ, ಯಾಕೆ?

ಹೆಚ್ಚಾಗಿ ಸ್ಯಾನಿಟೈಸರ್ ಕಾರಣ. ಆಲ್ಕೋಹಾಲ್ ಮತ್ತು ಬ್ಲೀಚ್ ರೆಕ್ಸಿನ್ನಿನ ಮೆದುತನವನ್ನು ತೆಗೆದು ಬಿರುಕು ಬಿಡಿಸುತ್ತವೆ. ಸೌಮ್ಯ ಸೋಪಿನ ನೀರು ಮತ್ತು ರೆಕ್ಸಿನ್‌ಗೆ ಹೊಂದುವ ಸೋಂಕುನಿವಾರಕ ಬಳಸಿ, ಕಾಯಬೇಕಾದ ಸಮಯ ಮುಗಿದ ಮೇಲೆ ಬರೀ ನೀರಿನ ಬಟ್ಟೆಯಿಂದ ಒಮ್ಮೆ ಒರೆಸಿ. ಹರಿದ ಭಾಗವನ್ನು ಮಾತ್ರ ಬೇಗ ಹೊಲಿಸಿ ಅಥವಾ ಹೊಸ ಹೊದಿಕೆ ಹಾಕಿಸಿ. ಒಳಗಿನ ಸ್ಪಂಜು ಬೆವರು ಕುಡಿದ ಮೇಲೆ ಅದನ್ನು ಸ್ವಚ್ಛಗೊಳಿಸುವ ದಾರಿಯಿಲ್ಲ.

ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಪೈಪ್ ಹಿಡಿದು ತೊಳೆಯುತ್ತೇವೆ. ಮಾಡಬಹುದಲ್ಲವೇ?

ಶ್ರದ್ಧೆಯಿಂದ ಮಾಡುವ ಕೆಲಸ, ಯಂತ್ರಕ್ಕೆ ಕೇಡಾಗದಂತೆ ಮಾಡಬಹುದು. ಪೈಪಿನ ನೀರು ಬೇರಿಂಗ್, ಮೋಟಾರ್ ಮತ್ತು ಪರದೆಯೊಳಗೆ ಇಳಿಯುವುದರಿಂದ ಹಿಂಡಿದ ಬಟ್ಟೆಯಿಂದಲೇ ಒರೆಸಬೇಕು. ಅರಿಶಿನ, ಕುಂಕುಮ, ವಿಭೂತಿಯನ್ನು ಬಣ್ಣ ಬಳಿದ ಚೌಕಟ್ಟಿನ ಮೇಲೆ ಹಚ್ಚಿ. ರೆಕ್ಸಿನ್ ಮೇಲೆ ಬಿದ್ದ ಅರಿಶಿನದ ಕಲೆ ಹೋಗುವುದಿಲ್ಲ. ಕರ್ಪೂರವನ್ನು ತಟ್ಟೆಯಲ್ಲಿಟ್ಟೇ ಬೆಳಗಿ, ರಬ್ಬರ್ ನೆಲದ ಮೇಲೆ ಹಚ್ಚಬೇಡಿ. ಬೂದುಗುಂಬಳಕಾಯಿಯನ್ನು ಮೆಟ್ಟಿಲು ಮತ್ತು ರಸ್ತೆ ಬಿಟ್ಟು ಒಂದು ಮೂಲೆಯಲ್ಲಿ ಒಡೆದು, ಪೂಜೆ ಮುಗಿದ ಕೂಡಲೇ ತೆಗೆಯಿಸಿ. ಅದರ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರು ಪ್ರತಿವರ್ಷವೂ ಇರುತ್ತಾರೆ. ತೂಕದ ಸಾಲಿನ ಸರಳುಗಳಿಗೆ ಸುತ್ತಿದ ಚೆಂಡುಹೂವಿನ ಮಾಲೆಯನ್ನು ಮರುದಿನ ಬೆಳಿಗ್ಗೆ, ಮೊದಲ ಬ್ಯಾಚ್ ಬರುವ ಮುನ್ನವೇ ಬಿಚ್ಚಬೇಕು. ಎಸಳುಗಳು ಸರಳಿಗೆ ಅಂಟಿದರೆ ತೂಕ ಸರಾಗವಾಗಿ ಜಾರುವುದಿಲ್ಲ.

## ನಡೆಸುವವರ ಪ್ರಶ್ನೆಗಳು

ಎ.ಸಿ. ಹಾಕಿದ್ದೇವೆ, ಆದರೂ ಸಂಜೆ ಉಸಿರುಗಟ್ಟುತ್ತದೆ. ಎಷ್ಟು ಜನರನ್ನು ಒಳಗೆ ಬಿಡಬಹುದು?

ಸಾಮಾನ್ಯ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಂಪುಮಾಡಿ ಸುತ್ತಿಸುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ನಡೆಸಿ, ಎದುರು ಬದಿಯಲ್ಲಿ ಗಾಳಿ ಬರಲು ಕಿಟಕಿ ಬಿಡಿ, ಎರಡು ಬ್ಯಾಚುಗಳ ನಡುವೆ ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಎ.ಸಿ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಜನಸಂಖ್ಯೆಗೆ ಒಂದು ಅಳತೆ ಬೇಕಿದ್ದರೆ, 2020ರ ಆಗಸ್ಟ್‌ನಲ್ಲಿ ಜಿಮ್‌ಗಳು ಮತ್ತೆ ತೆರೆದಾಗ ಕೇಂದ್ರ ಆರೋಗ್ಯ ಸಚಿವಾಲಯವು ತಲಾ 4 ಚದರ ಮೀಟರ್ ಜಾಗ, 24ರಿಂದ 30 ಡಿಗ್ರಿ ಉಷ್ಣತೆ, ಶೇಕಡಾ 40ರಿಂದ 70 ಆರ್ದ್ರತೆ ಎಂದು ಹೇಳಿತ್ತು. ಆ ಮಾರ್ಗಸೂಚಿ ಕೋವಿಡ್ ಕಾಲದ್ದಾದರೂ ಲೆಕ್ಕಕ್ಕೆ ಈಗಲೂ ಒಳ್ಳೆಯದು. ವ್ಯಾಯಾಮದ ಜಾಗ 2,000 ಚದರ ಅಡಿ ಇದ್ದರೆ ಅದು ಸುಮಾರು 186 ಚದರ ಮೀಟರ್, ಅಂದರೆ ಒಂದು ಹೊತ್ತಿಗೆ 46 ಜನ. ಅದನ್ನು ಮೀರಿದರೆ ಯಾವ ಸ್ವಚ್ಛತಾ ವ್ಯವಸ್ಥೆಯೂ ಕೈಕೊಡುತ್ತದೆ. ಸದಸ್ಯತ್ವ ಮಾರುವಾಗಲೇ ಹೊಸಬರಿಗೆ ಮಧ್ಯಾಹ್ನದ ಅಥವಾ ರಾತ್ರಿ ಒಂಬತ್ತರ ಸಮಯವನ್ನು ಕಡಿಮೆ ಶುಲ್ಕದಲ್ಲಿ ಕೊಡುವುದು ಒಂದು ದಾರಿ.

ಬೋರ್‌ವೆಲ್ ನೀರು. ಶವರ್, ಕನ್ನಡಿ, ನಲ್ಲಿ ಎಲ್ಲ ಬೆಳ್ಳಗಾಗಿದೆ. ಆಸಿಡ್ ಹಾಕಲೇ? ಬೇಸಿಗೆಯಲ್ಲಿ ನೀರೂ ಇರುವುದಿಲ್ಲ.

ಗಡಸು ನೀರಿನ ಸುಣ್ಣದ ಪದರಕ್ಕೆ ಶೌಚಾಲಯದ ಆಸಿಡ್ ಬೇಕಿಲ್ಲ. ಅದು ಕ್ರೋಮ್ ಲೇಪವನ್ನು ತಿನ್ನುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ ಕರಗಿಸಿ, ಶವರಿನ ತಲೆಯನ್ನು ರಾತ್ರಿಯಿಡೀ ನೆನೆಸಿಟ್ಟರೆ ತೂತುಗಳು ತೆರೆದುಕೊಳ್ಳುತ್ತವೆ. ಶಹಾಬಾದ್ ಕಲ್ಲಿನ ಅಥವಾ ಮಾರ್ಬಲ್ಲಿನ ನೆಲಕ್ಕೆ ಮಾತ್ರ ಈ ದ್ರಾವಣ ತಾಗಬಾರದು, ಅವು ಸುಣ್ಣದ ಅಂಶದ ಕಲ್ಲುಗಳಾದ್ದರಿಂದ ಆಮ್ಲಕ್ಕೆ ಕರಗುತ್ತವೆ. ಕನ್ನಡಿ ಮತ್ತು ಗೋಡೆಯ ಟೈಲುಗಳನ್ನು ಸ್ನಾನದ ಅವಧಿ ಮುಗಿದೊಡನೆ ವೈಪರ್‌ನಿಂದ ಒರೆಸಿದರೆ ಪದರವೇ ಕಟ್ಟುವುದಿಲ್ಲ.

ನೀರಿನ ಅಭಾವದ ವಿಷಯದಲ್ಲಿ, 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸಿ, ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಅಳವಡಿಸಬೇಕೆಂದು ಸೂಚಿಸಿದ್ದನ್ನು ನೆನೆಯಬಹುದು. ಏರೇಟರ್ ಹಾಕಿಸಿ. ಎ.ಸಿ.ಯಿಂದ ಹೊರಬರುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಮೆಟ್ಟಿಲು, ವರಾಂಡ ಒರೆಸಲು ಬಳಸಿ. ಟ್ಯಾಂಕರ್ ನೀರು ತರಿಸುವ ದಿನಗಳಲ್ಲಿ ಸ್ನಾನದ ಮನೆ ಮುಚ್ಚಬೇಕಾದೀತು, ಶೌಚಾಲಯ ಮತ್ತು ಕೈತೊಳೆಯುವ ನೀರು ಮಾತ್ರ ನಿಲ್ಲಬಾರದು.

ಬ್ಲೀಚ್ ಎಷ್ಟು ಹಾಕಬೇಕು? ಟಾಯ್ಲೆಟ್ ಆಸಿಡ್ ಜೊತೆ ಸೇರಿಸಿದರೆ ಹೆಚ್ಚು ಸ್ವಚ್ಛ ಆಗುತ್ತದೆ ಅಂತಾರೆ.

ದಯವಿಟ್ಟು ಎಂದಿಗೂ ಸೇರಿಸಬೇಡಿ. ಬ್ಲೀಚ್ ಆಮ್ಲದೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದು ಒರೆಸುವವರ ಶ್ವಾಸಕೋಶವನ್ನೇ ಸುಡುತ್ತದೆ. ಅಮೋನಿಯಾ ಇರುವ ಗಾಜಿನ ದ್ರಾವಣದೊಂದಿಗೂ ವಿಷಾನಿಲವೇ ಬರುತ್ತದೆ. ಶೇಕಡಾ 5ರ ಬ್ಲೀಚಾದರೆ 20 ಮಿಲಿಲೀಟರನ್ನು 980 ಮಿಲಿಲೀಟರ್ ನೀರಿಗೆ ಬೆರೆಸಿದಾಗ ಶೇಕಡಾ 0.1ರ ದ್ರಾವಣವಾಗುತ್ತದೆ, ಶೌಚಾಲಯದ ಟೈಲುಗಳಿಗೆ ಅದು ಸಾಕು. ದಿನವೂ ಹೊಸದಾಗಿ ಮಾಡಿಕೊಳ್ಳಿ, ಯಂತ್ರಗಳ ಮೇಲೆ ಬಳಸಬೇಡಿ. ಹಳೆಯ ನೀರಿನ ಬಾಟಲಿಯಲ್ಲಿ ಯಾವ ರಾಸಾಯನಿಕವನ್ನೂ ತುಂಬಿಡಬೇಡಿ. ಬಾಯಾರಿದ ಜನ ತುಂಬಿದ ಜಾಗವಿದು.

ಒರೆಸಿ ಎಂದು ಬೋರ್ಡ್ ಹಾಕಿದರೂ ಸದಸ್ಯರು ಕೇಳುವುದಿಲ್ಲ. ದಂಡ ಹಾಕಬೇಕೇ?

ದಂಡಕ್ಕಿಂತ ಮುಂಚೆ ಬಟ್ಟೆ ಎಲ್ಲಿದೆ ಎಂದು ನೋಡಿ. ಇಡೀ ಜಿಮ್‌ಗೆ ಒಂದೇ ಬಾಟಲಿ ಬಾಗಿಲ ಬಳಿ ಇದ್ದರೆ ಸೆಟ್ ಮುಗಿಸಿ ಏದುಸಿರು ಬಿಡುತ್ತಿರುವವರು ಅಲ್ಲಿಯವರೆಗೆ ನಡೆಯುವುದಿಲ್ಲ. ನಾಲ್ಕೈದು ಯಂತ್ರಗಳಿಗೊಂದರಂತೆ ಬಾಟಲಿ, ಒಗೆದ ಬಟ್ಟೆ ಮತ್ತು ಬಳಸಿದ ಬಟ್ಟೆ ಹಾಕುವ ಬುಟ್ಟಿಯನ್ನು ಕೈಗೆಟುಕುವಂತೆ ಇಡಿ. ಪರದೆಯಿರುವ ಯಂತ್ರಗಳಲ್ಲಿ ಬಟ್ಟೆಗೆ ಸ್ಪ್ರೇ ಮಾಡಿ ಒರೆಸುವುದನ್ನು ಸೇರಿದ ದಿನವೇ ತೋರಿಸಿ. ತರಬೇತುದಾರರು ತಮ್ಮ ಬೆಂಚನ್ನು ತಾವೇ ಒರೆಸಿದರೆ ಹೊಸಬರು ನೋಡಿ ಕಲಿಯುತ್ತಾರೆ. ಹೊರಗಿನ ಪಾದರಕ್ಷೆಯನ್ನು ಬಾಗಿಲಲ್ಲಿ ಬಿಟ್ಟು ಬೇರೆ ಶೂ ತೊಡುವ ನಿಯಮವನ್ನು ಮಾತ್ರ ಸಡಿಲಿಸಬೇಡಿ. ಒಳಗೆ ಸೇರುವ ಮಣ್ಣಿನಲ್ಲಿ ಹೆಚ್ಚಿನ ಪಾಲು ಶೂಗಳಿಂದಲೇ ಬರುತ್ತದೆ.

ಕ್ಲೀನಿಂಗ್‌ಗೆ ಇರುವುದು ಒಬ್ಬರೇ ಅಕ್ಕ. ಜನವರಿಯಲ್ಲಿ ಅವರಿಂದ ಆಗುತ್ತಿಲ್ಲ ಎನ್ನುತ್ತಾರೆ.

ಅವರ ಮಾತನ್ನು ನಂಬಿ. ಸದಸ್ಯರು ಇಮ್ಮಡಿಯಾದಾಗ ಬೆವರು, ಕಸ, ಶೌಚಾಲಯದ ಬಳಕೆ ಎಲ್ಲವೂ ಇಮ್ಮಡಿಯಾಗುತ್ತದೆ, ಅವರ ಕೈಗಳು ಎರಡೇ ಉಳಿಯುತ್ತವೆ. ಆ ತಿಂಗಳುಗಳಿಗೆ ಸಂಜೆಯ ಪಾಳಿಗೆ ಇನ್ನೊಬ್ಬರನ್ನು ನೇಮಿಸಿ, ಇಲ್ಲವಾದರೆ ಹೆಚ್ಚಿನ ಗಂಟೆಗಳಿಗೆ ಹೆಚ್ಚಿನ ಸಂಬಳವನ್ನು ಕೇಳುವ ಮೊದಲೇ ಕೊಡಿ. ಕೈಗವಸು, ಜಾರದ ಚಪ್ಪಲಿ, ಉದ್ದ ಕೋಲಿನ ಮಾಪ್ ಅವರ ಹಕ್ಕು. ಬಿದ್ದಿರುವ ಪ್ಲೇಟು, ಡಂಬೆಲ್‌ಗಳನ್ನು ಎತ್ತಿಡುವುದು ತರಬೇತುದಾರರ ಕೆಲಸವಾಗಬೇಕು, ಇಪ್ಪತ್ತು ಕಿಲೋ ತೂಕವನ್ನು ಸರಿಸಿ ನೆಲ ಒರೆಸಲು ಅವರಿಗೆ ಹೇಳುವುದು ಅನ್ಯಾಯ. ಶೌಚಾಲಯಕ್ಕೆ ಕೆಂಪು, ಯಂತ್ರಗಳಿಗೆ ನೀಲಿ, ಕನ್ನಡಿಗೆ ಹಸಿರು ಎಂದು ಬಟ್ಟೆಗಳಿಗೆ ಬಣ್ಣ ಗೊತ್ತುಮಾಡಿದರೆ ಓದು ಬಾರದವರಿಗೂ ಗೊಂದಲವಾಗುವುದಿಲ್ಲ. ಎಲ್ಲಿ ಏನು ಸಡಿಲವಾಗಿದೆ, ಎಲ್ಲಿ ಎಣ್ಣೆ ಸೋರುತ್ತಿದೆ ಎಂಬುದನ್ನು ಜಿಮ್‌ನಲ್ಲಿ ಮೊದಲು ಕಾಣುವುದು ಯಂತ್ರದ ಅಡಿಗೆ ಬಗ್ಗಿ ಒರೆಸುವ ಅವರೇ. ಬಣ್ಣದ ಚೀಟಿಯೊಂದನ್ನು ಕೊಟ್ಟು, ಅನುಮಾನ ಬಂದ ಯಂತ್ರಕ್ಕೆ ಅಂಟಿಸುವ ಅಧಿಕಾರವನ್ನೂ ಅವರಿಗೆ ಕೊಡಿ.

ರಶ್ ಮಧ್ಯದಲ್ಲೇ ಯಂತ್ರ ಕೆಟ್ಟರೆ ಸರ್ವಿಸ್‌ನವರು ವಾರ ಕಳೆದರೂ ಬರುವುದಿಲ್ಲ. ಏನು ದಾರಿ?

ಆ ತಿಂಗಳಲ್ಲಿ ಎಲ್ಲ ಜಿಮ್‌ಗಳಿಂದಲೂ ಅವರಿಗೆ ಕರೆ ಬರುತ್ತಿರುತ್ತದೆ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಡಿಸೆಂಬರ್ ಮೊದಲ ವಾರ ಮತ್ತು ಮಾರ್ಚ್ ಕೊನೆಯ ವಾರದ ಭೇಟಿಗಳನ್ನು ದಿನಾಂಕ ಸಹಿತ ಬರೆಸಿಕೊಳ್ಳಿ, ಕರೆ ಮಾಡಿದ ಎಷ್ಟು ಗಂಟೆಯೊಳಗೆ ಬರಬೇಕೆಂಬುದನ್ನೂ ಸೇರಿಸಿ. ಯಂತ್ರವಾರು ಒಂದು ಪುಸ್ತಕವಿಟ್ಟು ಕೊಂಡ ದಿನ, ಕ್ರಮಸಂಖ್ಯೆ, ಕೇಬಲ್ಲಿನ ಉದ್ದ ಮತ್ತು ದಪ್ಪ, ಬದಲಿಸಿದ ಭಾಗ, ಎಣ್ಣೆ ಹಾಕಿದ ದಿನ ಇವನ್ನು ಬರೆಯಿರಿ. ಕ್ರಮಸಂಖ್ಯೆ ಕೈಯಲ್ಲಿದ್ದರೆ ಬಿಡಿಭಾಗವನ್ನು ಫೋನಿನಲ್ಲೇ ತರಿಸಬಹುದು. ಹೆಚ್ಚು ಬಳಕೆಯಾಗುವ ಯಂತ್ರಗಳಿಗೆ ತಲಾ ಒಂದು ಕೇಬಲ್, ಒಂದೆರಡು ರಾಟೆ, ತೂಕದ ಪಿನ್, ಟ್ರೆಡ್‌ಮಿಲ್ಲಿನ ಸುರಕ್ಷತಾ ಕೀ, ಸಿಲಿಕೋನ್ ಎಣ್ಣೆ, ಅಲೆನ್ ಕೀ ಸೆಟ್ ಮೊದಲೇ ಕೊಂಡಿಡಿ. ಅಷ್ಟಾದರೂ ಯಂತ್ರ ನಿಂತರೆ ಪ್ಲಗ್ ಕಿತ್ತು, ತೂಕದ ಪಿನ್ ತೆಗೆದು, ಯಾವಾಗ ಸರಿಯಾಗುತ್ತದೆ ಎಂಬ ದಿನಾಂಕದೊಂದಿಗೆ ಸೂಚನೆ ತೂಗುಹಾಕಿ. ಬರೀ ಚೀಟಿ ಅಂಟಿಸಿ ಬಿಟ್ಟ ಯಂತ್ರವನ್ನು ಸಂದಣಿಯಲ್ಲಿ ಯಾರಾದರೂ ಬಳಸಿಯೇ ಬಳಸುತ್ತಾರೆ.